ಮೇಲಿನ ಹಲ್ಲಿನ ಅಂಚು

ದಿನಕ್ಕೆ ನಲವತ್ತು ಜನರ ಜೊತೆ ಮಾತಾಡುತ್ತೇನೆ. ಮಾತು ಅಂದರೆ ಇಷ್ಟೇ: ಮಲಗಿ, ಸರ ತೆಗೆಯಿರಿ, ಉಸಿರು ಹಿಡಿಯಿರಿ, ಅಲುಗಬೇಡಿ, ಆಯಿತು, ಏಳಿ. ಕತ್ತಿನ ಮೇಲ್ಭಾಗದ ಎಕ್ಸ್‌ರೇ ಆದರೆ ಇನ್ನೊಂದು ಸೇರುತ್ತದೆ: ಬಾಯಿ ತೆರೆದು 'ಆ' ಅನ್ನಿ. ಇದರಿಂದಲೇ ಆಸ್ಪತ್ರೆಯಲ್ಲಿ ನನಗೆ 'ಆ ಅನ್ನಪ್ಪ' ಎಂದು ಹೆಸರು ಬಿದ್ದಿದೆ. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.

ಈ 'ಆ' ಚಿತ್ರದ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕತ್ತಿನ ಎರಡನೆಯ ಮೂಳೆಯ ಮೇಲೆ ಕಿರುಬೆರಳಿನ ತುದಿಯಷ್ಟು ಒಂದು ಗೂಟವಿದೆ. ಮೊದಲನೆಯ ಮೂಳೆ ಬಳೆಯ ಹಾಗೆ ಅದರ ಸುತ್ತ ಕೂತಿರುತ್ತದೆ. ನಾವು ತಲೆಯಾಡಿಸಿ ಇಲ್ಲ ಅನ್ನುವುದು ಆ ಗೂಟದ ಸುತ್ತ ತಿರುಗಿಯೇ. ಅದು ಮುರಿದು ಹಿಂದಕ್ಕೆ ಜಾರಿದರೆ, ಬೆನ್ನಿಗೇ ಇರುವ ನರದ ಹುರಿ ಜಜ್ಜಿಹೋಗುತ್ತದೆ. ಆಮೇಲೆ ಕೈಕಾಲೂ ಇಲ್ಲ, ಉಸಿರೂ ಇಲ್ಲ. ಎದುರಿನಿಂದ ನೋಡಿದರೆ ಈ ಗೂಟ ಹಲ್ಲುಗಳ ಹಿಂದೆ ಅಡಗಿರುತ್ತದೆ. ಅದಕ್ಕಿರುವ ಕಿಟಕಿ ಒಂದೇ, ತೆರೆದ ಬಾಯಿ. ಬರೀ ಬಾಯಿ ತೆರೆದರೂ ಸಾಲದು. ಮೇಲಿನ ಹಲ್ಲಿನ ಅಂಚು ಮತ್ತು ಕಿವಿಯ ಹಿಂದಿನ ತಲೆಬುರುಡೆಯ ಬುಡ ಒಂದೇ ಗೆರೆಗೆ ಬರಬೇಕು, ಕಿರಣ ಆ ಗೆರೆಯಗುಂಟ ಹೋಗಬೇಕು. ಗದ್ದ ಹೆಚ್ಚು ಎತ್ತಿದರೆ ಬುರುಡೆ ಗೂಟವನ್ನು ಮುಚ್ಚುತ್ತದೆ, ಇಳಿಸಿದರೆ ಹಲ್ಲು ಮುಚ್ಚುತ್ತದೆ. ನಡುವೆ ಸಿಗುವುದು ಬೆರಳಗಲದ ಸಂದು. ನಾಲಿಗೆ ಅಡ್ಡ ಬರದಿರಲಿ ಎಂದು 'ಆ'.

ನನಗೆ ಇದನ್ನು ಕಲಿಸಿದ ಹಿರಿಯ ಟೆಕ್ನಿಷಿಯನ್ ಮೊದಲ ದಿನವೇ ನನ್ನನ್ನು ಮೇಜಿನ ಮೇಲೆ ಮಲಗಿಸಿ, ಹಣೆಗೆ ಪಟ್ಟಿ ಬಿಗಿದು, ಬಾಯಿ ತೆರೆಸಿ, ತಾವು ಟೀ ಕುಡಿಯಲು ಹೋಗಿಬಿಟ್ಟಿದ್ದರು. ವಾಪಸು ಬಂದು "ಏನು ಕಾಣಿಸ್ತು?" ಅಂದರು.

"ಚಾವಣಿ."

"ಅಷ್ಟೇ. ಮಲಗಿದವರಿಗೆ ನೀನೂ ಕಾಣಲ್ಲ, ಯಂತ್ರಾನೂ ಕಾಣಲ್ಲ. ನಿನ್ನ ದನಿ ಮಾತ್ರ ಕೇಳುತ್ತೆ. ತಲೇಲಿಟ್ಕೋ."

ಅವರು ನಿವೃತ್ತರಾದ ಮೇಲೆ ನಾನು ಚಾವಣಿಗೆ ಹಳದಿ ಕಾಗದದ ಒಂದು ದುಂಡು ಬಿಲ್ಲೆ ಅಂಟಿಸಿದೆ. ಮಲಗಿದವರಿಗೆ ನೋಡಲು ಏನಾದರೂ ಬೇಕಲ್ಲ.

ನನ್ನ ಮನೆಯೆಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ. ಎರಡು ತಟ್ಟೆ, ಎರಡು ಲೋಟ. ಒಂದು ಲೋಟದ ಮೇಲೆ ಅಂಗಡಿಯ ಚೀಟಿ ಅಂಟಿದ್ದು ಅಂಟಿದ ಹಾಗೇ ಇದೆ. ಭಾನುವಾರ ರಜೆ. ಅವತ್ತು ಇಡೀ ದಿನ ಬಾಯಿ ತೆರೆಯದೆ ಇದ್ದು, ಸೋಮವಾರ ಮೊದಲ ರೋಗಿಗೆ 'ಮಲಗಿ' ಅನ್ನುವಾಗ ಗಂಟಲಿನಿಂದ ತುಕ್ಕು ಹಿಡಿದ ಬಾಗಿಲಿನ ಸದ್ದು ಬರುತ್ತದೆ. ಹೀಗೆ ಒಂದು ವರ್ಷ ಎಂಟು ತಿಂಗಳಾಯಿತು. ಹೆಂಡತಿ ಹೋಗುವಾಗ ಜಗಳವೇನೂ ಆಗಲಿಲ್ಲ. "ನಿಮ್ಮ ಜೊತೆ ಇದ್ರೂ ಒಬ್ಳೇ ಇದ್ದ ಹಾಗೇ ಇರುತ್ತೆ. ಹಾಗಿದ್ಮೇಲೆ ಒಬ್ಳೇ ಇದ್ಬಿಡ್ತೀನಿ," ಅಂದಳು. ಯೋಚನೆ ಮಾಡಿದೆ. ಅವಳ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಬೇರೆ ಊರಿನ ಶಾಲೆಯೊಂದರಲ್ಲಿ ಲೆಕ್ಕ ಹೇಳಿಕೊಡುವ ಕೆಲಸ ಹಿಡಿದಳು. ವಿಚ್ಛೇದನದ ಕಾಗದ ಬಂತು, ಸಹಿ ಹಾಕಿದೆ.

ಆ ಬುಧವಾರ ಹನ್ನೊಂದರ ಹೊತ್ತಿಗೆ ವಾರ್ಡಿನ ಆಯಾ ಸ್ಟ್ರೆಚರ್ ತಳ್ಳಿಕೊಂಡು ಬಂದರು. ಅವರಿಗೆ ಐವತ್ತೈದು ದಾಟಿದೆ, ಇಡೀ ಆಸ್ಪತ್ರೆಗೆ ಅವರು ಅಕ್ಕ.

"ಆ ಅನ್ನಪ್ಪಾ, ನಿನಗೊಬ್ಬ ಗಿರಾಕಿ ತಂದಿದೀನಿ ನೋಡು. ಗಡಿಯಾರಕ್ಕೆ ಸೆಲ್ ಹಾಕೋಕೆ ಸ್ಟೂಲ್ ಹತ್ತಿ ಬಿದ್ರಂತೆ. ಗಡಿಯಾರ ನಡೀತಾ ಇದೆ, ಇವ್ರು ಮಲಗಿದಾರೆ."

"ಗಡಿಯಾರಾನೂ ನಡೀತಿಲ್ಲಮ್ಮ," ಎಂದಿತು ಸ್ಟ್ರೆಚರ್ ಮೇಲಿನ ದನಿ. "ಸೆಲ್ ಕೈಯಲ್ಲೇ ಉಳೀತು."

ಎಕ್ಸ್‌ರೇ ಫಲಕದ ಕ್ಯಾಸೆಟ್ ಹಿಡಿದಿದ್ದ ನನ್ನ ಕೈ ಅಲ್ಲೇ ನಿಂತಿತು. ಈ ಊರಿನಲ್ಲಿ ಆ ದನಿ ಗೊತ್ತಿಲ್ಲದವರು ಕಡಿಮೆ. ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಹೊರಟ ಬಸ್ಸು, ಕೆಟ್ಟ ಬಸ್ಸು, ಕಳೆದುಹೋದ ಮಕ್ಕಳು, ಸಿಕ್ಕಿದ ಛತ್ರಿಗಳು, ಎಲ್ಲವನ್ನೂ ಕೂಗಿದ ದನಿ ಅದು. ನಿವೃತ್ತಿಯಾಗಿ ಏಳು ವರ್ಷವಾದರೂ ಒಂದಕ್ಷರ ಸವೆದಿರಲಿಲ್ಲ. ಊರಿಗೆ ಅದು ಬಸ್ ನಿಲ್ದಾಣದ ದನಿ. ನನಗೆ ಮಾವನ ದನಿ.

ಅಳಿಯ ಅಲ್ಲ, ಮಗಳ ಗಂಡ ಎಂದು ಗಾದೆ. ನಾನೀಗ ಎರಡೂ ಅಲ್ಲ. ಒಂದು ವರ್ಷ ಎಂಟು ತಿಂಗಳಲ್ಲಿ ಅವರನ್ನು ದಾರಿಯಲ್ಲಿ ಮೂರು ಸಲ ನೋಡಿದ್ದೆ. ಮೂರು ಸಲವೂ ಇಬ್ಬರಲ್ಲೊಬ್ಬರು ರಸ್ತೆ ದಾಟಿದ್ದೆವು.

"ಇವ್ರು ನಡ್ಕೊಂಡೇ ಬಂದಿದಾರೆ ಗೊತ್ತಾ?" ಅಕ್ಕನಿಗೆ ಉತ್ಸಾಹ ಇಳಿದಿರಲಿಲ್ಲ. "ನಿನ್ನೆ ಸಾಯಂಕಾಲ ಬಿದ್ದೋರು, ಇವತ್ತು ಬೆಳಿಗ್ಗೆ ಬಸ್ ಹತ್ತಿ, ಇಳಿದು, ಗೇಟಿಂದ ಡಾಕ್ಟ್ರ ಕೋಣೆವರೆಗೆ ಹಿಂಗೆ." ಎರಡೂ ಅಂಗೈಗಳಿಂದ ತಮ್ಮ ಕೆನ್ನೆ, ಕಿವಿ ಒತ್ತಿ ಹಿಡಿದು, ತುಂಬಿದ ಕೊಡ ಹೊತ್ತವರ ಹಾಗೆ ನಾಲ್ಕು ಹೆಜ್ಜೆ ನಡೆದು ತೋರಿಸಿದರು. "ತಲೆ ಎಲ್ಲಿ ಬಿದ್ದೋಗುತ್ತೋ ಅಂತ! ಹೊರಗೆ ಕೂತೋರೆಲ್ಲ ನಗ್ತಿದ್ರು."

ನನಗೆ ನಗು ಬರಲಿಲ್ಲ. ಆ ಹಿರಿಯ ಟೆಕ್ನಿಷಿಯನ್ ನನಗೆ ಹೇಳಿಕೊಟ್ಟಿದ್ದ ಇನ್ನೊಂದು ಮಾತು ಇದು: ತಲೆಯನ್ನು ತಾನೇ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದವನ ಗೂಟ ಮುರಿದಿದೆ ಅಂತಲೇ ತಿಳಿ, ಮುರಿದಿಲ್ಲ ಅಂತ ಚಿತ್ರ ಹೇಳೋತನಕ. ಡಾಕ್ಟರಿಗೂ ಮೊದಲು ಕೈಗೆ ಗೊತ್ತಾಗಿರುತ್ತೆ.

"ಯಾರಿಗೂ ಫೋನ್ ಮಾಡ್ಲಿಲ್ವಂತೆ," ಎಂದರು ಅಕ್ಕ. "ರಾತ್ರಿಯೆಲ್ಲ ಕುರ್ಚಿ ಮೇಲೆ ಕೂತಿದ್ರಂತೆ."

"ಯಾರಿಗೆ ಮಾಡ್ಲಿ?" ಎಂದಿತು ದನಿ.

ಸ್ಟ್ರೆಚರ್ ಸಹಿತ ಮೇಜಿನ ಪಕ್ಕ ತಂದು, ಹಾಳೆ ಹಿಡಿದು, ತಲೆ, ಮೈ ಒಂದೇ ಮರದ ದಿಮ್ಮಿ ಎಂಬಂತೆ, ವಾರ್ಡಿನ ಇನ್ನಿಬ್ಬರನ್ನು ಕರೆದು ನಾಲ್ಕು ಜನ ಸೇರಿ ಮೇಜಿಗೆ ಸರಿಸಿದೆವು. ಕತ್ತಿಗೆ ಗಟ್ಟಿ ಕಾಲರ್ ಇತ್ತು. ಮುಖದ ಎರಡೂ ಬದಿಗೆ ಮರಳಿನ ಚೀಲ ಇಟ್ಟು ಹಣೆಗೆ ಪಟ್ಟಿ ಹಾಕಿದೆ. ಅವರ ಕಣ್ಣು ಚಾವಣಿಯ ಬಿಲ್ಲೆಯ ಮೇಲಿತ್ತು. ನಾನು ಕಾಣುವ ಸಾಧ್ಯತೆ ಇರಲಿಲ್ಲ. ಮಾತಾಡದೆಯೇ ಕೆಲಸ ಮುಗಿಸಿಬಿಡಬಹುದೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಕೇಳಲೇಬೇಕಾದ ಪ್ರಶ್ನೆಗಳಿವೆ.

"ಸರ, ಉಂಗುರ, ಕನ್ನಡಕ ಏನಾದ್ರೂ ಇದೆಯಾ?"

ಅವರ ರೆಪ್ಪೆ ನಿಂತಿತು. ಮೂವತ್ತೊಂದು ವರ್ಷ ದನಿಯನ್ನೇ ನಂಬಿ ಬದುಕಿದವರು, ಒಂದು ಸಾಲು ಸಾಕಾಯಿತು.

"ನೀನಾ?"

"ಹೌದು."

"ಇಡೀ ಆಸ್ಪತ್ರೇಲಿ ಬೇರೆ ಯಾರೂ ಇಲ್ವಾ?"

"ಇನ್ನೊಬ್ರು ರಜೆ."

"ನನ್ನ ಹಣೇಬರಹ," ಎಂದರು. "ಹೂಂ, ಕೇಳು. ಏನು ಕೇಳಬೇಕೋ ಕೇಳು."

"ಹಲ್ಲಿನ ಸೆಟ್ಟು ಇದೆಯಾ?"

"ಇಲ್ಲ."

ನಾನು 'ಇಲ್ಲ' ಎಂದು ಬರೆದುಕೊಂಡೆ.

ಇದ್ದದ್ದು ನನಗೆ ಗೊತ್ತಿತ್ತು. ಮೇಲಿನ ಸಾಲು ಪೂರ್ತಿ ಕಟ್ಟಿಸಿದ್ದು, ಅಂಗುಳಿಗೆ ಲೋಹದ ತಗಡು. ಮದುವೆಯಾದ ಮೊದಲ ತಿಂಗಳು ಆ ಮನೆಯಲ್ಲಿ ತಂಗಿದ್ದಾಗ, ಬೆಳಗಿನ ಜಾವ ಬಚ್ಚಲಿನಲ್ಲಿ ಸೋಪು ಹುಡುಕುತ್ತಿದ್ದವನಿಗೆ ಕಿಟಕಿಯ ಹಲಗೆಯ ಮೇಲೆ, ಸೋಪಿನ ಡಬ್ಬಿಯ ಹಿಂದೆ ಒಂದು ನೀಲಿ ಲೋಟ ಸಿಕ್ಕಿತ್ತು. ಒಳಗೆ ನೋಡಿ ಕೂಗಿಕೊಳ್ಳುವುದರಲ್ಲಿದ್ದೆ. ಹೆಂಡತಿ ಓಡಿಬಂದು ಕೈಯಿಂದ ನನ್ನ ಬಾಯಿ ಮುಚ್ಚಿದಳು. "ನಮಗೆ ಗೊತ್ತು ಅಂತ ಅಪ್ಪನಿಗೆ ಗೊತ್ತಾಗಬಾರದು," ಅಂದಳು.

ಐವತ್ತಮೂರನೇ ವಯಸ್ಸಿನಲ್ಲಿ ವಸಡು ಕೆಟ್ಟು ಮೇಲಿನ ಹಲ್ಲೆಲ್ಲ ಕೀಳಿಸಿದ್ದರಂತೆ. ಯಾವುದೋ ತರಬೇತಿ ಎಂದು ಸುಳ್ಳು ಹೇಳಿ ಮೂರು ವಾರ ಊರು ಬಿಟ್ಟು, ಹೊಸ ಹಲ್ಲಿನೊಂದಿಗೆ ಬಂದು, ಏನೂ ಆಗಿಲ್ಲವೆಂಬಂತೆ ಮೈಕಿನ ಮುಂದೆ ಕೂತರು. ಮನೆಯವರಿಗೆ ಮೊದಲ ಊಟದಲ್ಲೇ ಗೊತ್ತಾಯಿತು. ಯಾರೂ ಬಾಯಿ ಬಿಡಲಿಲ್ಲ. ಅಂದಿನಿಂದ ಅತ್ತೆ "ನನಗೆ ಹಲ್ಲುನೋವು" ಎಂದು ಹೇಳಿಕೊಂಡು ಎಲ್ಲವನ್ನೂ ಮೆತ್ತಗೆ ಬೇಯಿಸತೊಡಗಿದರು. ಮೂರು ವರ್ಷದ ಹಿಂದೆ ಸಾಯುವ ತನಕ ಹಾಗೇ ಬೇಯಿಸಿದರು. ಅವರ ಬಾಯಲ್ಲಿ ಮೂವತ್ತೆರಡೂ ಗಟ್ಟಿಯಾಗಿದ್ದವು.

ಆ ಮನೆಯವರು ನನ್ನನ್ನು ತಮ್ಮವನೆಂದು ಸೇರಿಸಿಕೊಂಡದ್ದು ಒಂದೇ ಒಂದು ವಿಷಯಕ್ಕೆ, ಆ ಸುಳ್ಳಿಗೆ. ಊಟಕ್ಕೆ ಕೂತಾಗ ಮಾವ ಏನನ್ನಾದರೂ ಚೂರು ಮಾಡಿ ತಿಂದರೆ ಮೂವರೂ ಒಟ್ಟಿಗೆ ಬೇರೆ ಕಡೆ ನೋಡುತ್ತಿದ್ದೆವು. ಆ ಹೊತ್ತಿನಲ್ಲಿ ನನಗೆ ಖುಷಿಯಾಗುತ್ತಿತ್ತು. ಮನೆಯೊಳಗಿನವನು ಅನ್ನಿಸುತ್ತಿತ್ತು. ಈಗ ಆ ಮನೆಯೂ ಇಲ್ಲ, ಊಟವೂ ಇಲ್ಲ, ಅಭ್ಯಾಸ ಮಾತ್ರ ಉಳಿದಿತ್ತು. ಹಾಗಾಗಿ 'ಇಲ್ಲ' ಎಂದು ಬರೆದುಕೊಂಡೆ. ಹದಿನಾಲ್ಕು ವರ್ಷದ ಕೆಲಸದಲ್ಲಿ ಗೊತ್ತಿದ್ದೂ ತಪ್ಪು ಬರೆದದ್ದು ಅದೊಂದೇ.

ಮೊದಲು ಪಕ್ಕದಿಂದ ಚಿತ್ರ. ಅವರನ್ನು ಅಲುಗಿಸದೆ, ಕಿರಣ ಬಿಡುವ ಟ್ಯೂಬನ್ನು ಅಡ್ಡ ತಂದು ತೆಗೆದೆ. ಡ್ಯೂಟಿ ಡಾಕ್ಟರ್ ಬಂದು ಪರದೆ ನೋಡಿದರು. ಇಪ್ಪತ್ತಾರರ ಹುಡುಗಿ, ಹಿಂದಿನ ದಿನ ಬೆಳಿಗ್ಗೆಯಿಂದ ಕೆಲಸದಲ್ಲಿದ್ದರು, ಕಣ್ಣು ಕೆಂಪಾಗಿತ್ತು. ಮೂಳೆಗಳ ಸಾಲು ನೆಟ್ಟಗಿತ್ತು.

"ಸರಿಯಿದೆ. ಕಾಲರಿನ ಮುಂಭಾಗ ಬಿಚ್ಚಿ 'ಆ' ತೆಗೀರಿ. ಅಕ್ಕ ತಲೆ ಹಿಡ್ಕೊಳ್ಳಲಿ," ಎಂದು ಹೇಳಿ ಪಕ್ಕದ ಕೋಣೆಗೆ ಹೋದರು.

ಅಕ್ಕ ಸೀಸದ ಏಪ್ರನ್ ಹಾಕಿಕೊಂಡು ತಲೆಯ ಹಿಂದೆ ನಿಂತರು. ತಲೆ ತಿರುಗಿಸುವ ಹಾಗಿಲ್ಲ, ಗದ್ದ ಎತ್ತುವ ಹಾಗಿಲ್ಲ. ಇಂಥ ಕತ್ತಿಗೆ ಮನುಷ್ಯನನ್ನು ಬಿಟ್ಟು ಟ್ಯೂಬನ್ನೇ ಓರೆ ಮಾಡಬೇಕು. ಬಾಗಿ ಅವರ ಮೇಲಿನ ಹಲ್ಲಿನ ಅಂಚು ನೋಡಿದೆ. ಸಾಲಾಗಿ, ಬೆಳ್ಳಗೆ, ಮೂವತ್ತರ ಹರೆಯದವನ ಹಲ್ಲು. ಅದಕ್ಕೂ ಕಿವಿಯ ಹಿಂದಕ್ಕೂ ಗೆರೆ ಹಿಡಿದು ಟ್ಯೂಬು ಓರೆ ಮಾಡಿದೆ.

"ಬಾಯಿ ತೆರೆದು 'ಆ' ಅನ್ನಿ."

"ಆ—" ಎಂದರು. ಬಸ್ ನಿಲ್ದಾಣದ ನಾಲ್ಕನೇ ಅಂಕಣದವರೆಗೂ ಕೇಳಿಸುವಂತಿತ್ತು.

ಪರದೆಯ ಮೇಲೆ ಮೂಳೆಯೇ ಬರಲಿಲ್ಲ. ಕಿಟಕಿಯ ನಟ್ಟನಡುವೆ, ಗೂಟ ಇರಬೇಕಾದಲ್ಲಿ, ಕುದುರೆ ಲಾಳದಂತೆ ಬಿಳಿ ತಗಡು. ಬರುತ್ತದೆಂದು ಗೊತ್ತಿತ್ತಲ್ಲ, ಬಂತು.

"ಆಯ್ತಾ?" ಎಂದರು ಮಾವ.

"ಸರಿಯಾಗಿ ಬರ್ಲಿಲ್ಲ. ಏನೋ ಅಡ್ಡ ಬರ್ತಿದೆ."

"ಏನು ಅಡ್ಡ? ನಿನಗೆ ತೆಗೆಯೋಕೆ ಬರಲ್ಲ ಅನ್ನು. ಮೊದ್ಲಿಂದ್ಲೂ ನಿಂದು ಎಲ್ಲಾ ಅರ್ಧಂಬರ್ಧ. ಕುಣಿಯೋಕೆ ಬರದೋರು ನೆಲ ಡೊಂಕು ಅಂದ್ರಂತೆ."

ಅಕ್ಕ ಕಿಸಕ್ಕನೆ ನಕ್ಕರು. ನಮ್ಮಿಬ್ಬರ ಸಂಬಂಧ ಅವರಿಗೆ ಗೊತ್ತಿರಲಿಲ್ಲ. ತಲೆ ಹಿಡಿದವರ ಕಣ್ಣು ಮಾತ್ರ ನನ್ನಿಂದ ಅವರಿಗೆ, ಅವರಿಂದ ನನಗೆ ಓಡಾಡುತ್ತಿತ್ತು.

ಡಾಕ್ಟರ್ ಬಂದರು. ಪರದೆಗೆ ಬಾಗಿದರು.

"ಇದೇನ್ರೀ ಬೆಳ್ಳಗೆ? ಸೆಟ್ಟು ಹಲ್ಲಾ? ತೆಗೆಸಲಿಲ್ವಾ?"

"ಇಲ್ಲ ಅಂದ್ರು."

"ಇಲ್ವಾ? ಹಾಗಾದ್ರೆ ಬಿಚ್ಚೋಕೆ ಬರದ ಹಾಗೆ ಕಟ್ಟಿಸಿರಬೇಕು." ಕಣ್ಣುಜ್ಜಿಕೊಂಡರು. "ಇರ್ಲಿ ಬಿಡಿ. ಪಕ್ಕದ ಚಿತ್ರ ಚೆನ್ನಾಗಿದೆ, ಕೈಕಾಲು ಆಡ್ತಿದೆ, ನಡ್ಕೊಂಡು ಬೇರೆ ಬಂದಿದಾರೆ. ಕಾಲರ್ ಬಿಚ್ಚಿ, ನೋವಿಗೆ ಮಾತ್ರೆ ಕೊಟ್ಟು ಕಳಿಸೋಣ."

ನಮ್ಮಲ್ಲಿ ಇದಕ್ಕಿಂತ ದೊಡ್ಡ ಯಂತ್ರ ಇಲ್ಲ. ಅದಿರುವ ದೊಡ್ಡ ಆಸ್ಪತ್ರೆ ಒಂದೂವರೆ ಗಂಟೆಯ ದಾರಿ. ಅಲ್ಲಿಗೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನವಾಗುವುದು ಇಲ್ಲಿನ ಈ ಚಿತ್ರದ ಮೇಲೆ. ಕಾಲರ್ ಬಿಚ್ಚಿದರೆ ಅವರು ಎದ್ದು, ಬಸ್ಸು ಹತ್ತಿ, ಖಾಲಿ ಮನೆಗೆ ಹೋಗುತ್ತಾರೆ. ಗೂಟ ಮುರಿದಿದ್ದರೆ ದಾರಿಯಲ್ಲಿ ಬಸ್ಸು ಒಂದು ಗುಂಡಿಗೆ ಬಿದ್ದರೂ ಮುಗಿಯಿತು. ಇಲ್ಲವೇ ಗಡಿಯಾರಕ್ಕೆ ಸೆಲ್ ಹಾಕಲು ಮತ್ತೆ ಸ್ಟೂಲ್ ಹತ್ತುತ್ತಾರೆ. ನನಗೆ ಅವರು ಗೊತ್ತು, ಖಂಡಿತ ಹತ್ತುತ್ತಾರೆ.

"ತಲೆ ಕೈಯಲ್ಲಿ ಹಿಡ್ಕೊಂಡು ಬಂದಿದಾರೆ ಡಾಕ್ಟ್ರೇ," ಅಂದೆ.

"ಕತ್ತು ನೋವಿದ್ರೆ ಯಾರಾದ್ರೂ ಹಿಡ್ಕೋತಾರೆ."

"ಇನ್ನೊಂದು ಚಿತ್ರ ತೆಗೀತೀನಿ. ಐದು ನಿಮಿಷ."

ಗಡಿಯಾರ ನೋಡಿಕೊಂಡರು. "ಐದೇ. ಆಮೇಲೆ ಕಾಲರ್ ಬಿಚ್ಚಿಬಿಡಿ."

'ಅವರು ಸುಳ್ಳು ಹೇಳ್ತಿದಾರೆ, ಅದು ಬಿಚ್ಚೋ ಸೆಟ್ಟು' ಎಂದು ಡಾಕ್ಟರಿಗೆ ಅಲ್ಲೇ ಹೇಳಿಬಿಡಬಹುದಿತ್ತು. ಹೇಳಿದ್ದರೆ ಅಕ್ಕನಿಗೆ ಗೊತ್ತಾಗುತ್ತಿತ್ತು, ಅಕ್ಕನಿಗೆ ಗೊತ್ತಾದದ್ದು ಸಂಜೆಗೆ ಬಸ್ ನಿಲ್ದಾಣ ಮುಟ್ಟುತ್ತದೆ. ಕಾಲರಿನ ಮುಂಭಾಗ ಮತ್ತೆ ಹಾಕಿ, "ಅಕ್ಕ, ಒಂದು ನಿಮಿಷ ಹೊರಗಿರಿ," ಅಂದೆ.

"ಯಾಕಪ್ಪಾ? ಅಂಥದ್ದೇನು?"

"ಒಂದು ನಿಮಿಷ."

ಗೊಣಗುತ್ತ ಹೋದರು. ಬಾಗಿಲು ಹಾಕಿದೆ. ಯಂತ್ರದ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಮೇಜಿನ ಪಕ್ಕ ನಿಂತೆ. ಅವರು ಬಿಲ್ಲೆಯನ್ನೇ ನೋಡುತ್ತಿದ್ದರು. ಏನೆಂದು ಕರೆಯಬೇಕೋ ತಿಳಿಯಲಿಲ್ಲ, ಕರೆಯಲೇ ಇಲ್ಲ.

"ನೀಲಿ ಲೋಟ," ಅಂದೆ. "ಬಚ್ಚಲ ಕಿಟಕಿ ಮೇಲೆ. ಸೋಪಿನ ಡಬ್ಬಿ ಹಿಂದೆ."

ತುಟಿಯ ಒಳಗೆ ಅವರ ನಾಲಿಗೆ ಮೇಲಿನ ಹಲ್ಲಿನ ಸಾಲನ್ನು ಒಂದು ಕೊನೆಯಿಂದ ಇನ್ನೊಂದಕ್ಕೆ ಸವರಿಕೊಂಡು ಹೋಯಿತು. ಆ ಐದು ನಿಮಿಷದಲ್ಲಿ ಒಂದು ಪೂರ್ತಿ ನಿಮಿಷ ಅದಕ್ಕೇ ಹೋಯಿತು.

"ಯಾವಾಗಿಂದ?"

"ಮದ್ವೆಯಾದ ತಿಂಗಳಿಂದ."

"ಅವಳು ಹೇಳಿದ್ಲಾ? ನನ್ನ ಮಗಳು?"

"ನಾನೇ ನೋಡ್ದೆ. ಅವಳಿಗೆ ಮೊದ್ಲೇ ಗೊತ್ತಿತ್ತು."

"ಅವಳಿಗೆ..." ಎಂದು ನಿಲ್ಲಿಸಿದರು. ಈ 'ಅವಳು' ಬೇರೆಯವಳು ಎಂದು ನನಗೆ ಗೊತ್ತಾಯಿತು. "ನಿಮ್ಮತ್ತೆಗೆ?"

ಇಲ್ಲ ಅನ್ನಬಹುದಿತ್ತು. ಒಂದು ಸುಳ್ಳಿನಿಂದ ಇಷ್ಟು ದೂರ ಬಂದಿದ್ದೆವು.

"ಅತ್ತೆಗೆ ಹಲ್ಲುನೋವೇ ಇರ್ಲಿಲ್ಲ," ಅಂದೆ.

ಮೈಕಿನ ದನಿ ಕೆಳಗಿಳಿದು ಹೋಯಿತು.

"ಹನ್ನೊಂದು ವರ್ಷ ಗೋಡೆ ಕಡೆ ತಿರುಗಿ ಮಲಗಿದೀನಿ. ಅವಳು ನೋಡಬಾರದು ಅಂತ. ನನ್ನ ಮೇಲೆ ಏನು ಸಿಟ್ಟು ಅಂತ ಎಷ್ಟು ಸಲ ಕೇಳಿದ್ಲು. ಏನೂ ಇಲ್ಲ ಮಲಕ್ಕೋ ಅಂತಿದ್ದೆ." ಉಸಿರು ಬಿಟ್ಟರು. "ಎಲ್ಲಾ ಗೊತ್ತಿದ್ದೂ ಕೇಳ್ತಿದ್ಲಾ?"

"ಗೊತ್ತಿಲ್ಲ," ಅಂದೆ. "ಮೂರು ನಿಮಿಷ ಇದೆ. ಸೆಟ್ಟು ತೆಗೀಲೇಬೇಕು. ಅದರ ಹಿಂದಿನ ಮೂಳೆ ಮುರಿದಿದ್ರೆ ಬಸ್ಸಲ್ಲಿ ಹೋಗ್ತಾ ಉಸಿರು ನಿಲ್ಲುತ್ತೆ."

"ನಿಂತರೆ ಏನಾಯ್ತು?"

"ನನಗೆ ಕೆಲಸ ಹೋಗುತ್ತೆ."

ತುಟಿಯ ಒಂದು ಕೊನೆ ಅಲುಗಿತು. "ಅದೊಂದು ನೆಟ್ಟಗೆ ಮಾಡ್ತಿದ್ದೆ ಅಂತ ಕಾಣುತ್ತೆ. ಹೂಂ. ನೀನೇ ತೆಗಿ. ಮಲಗ್ಕೊಂಡು ತೆಗೆಯೋಕೆ ನನಗೆ ಬರಲ್ಲ."

ಗ್ಲೌಸ್ ಹಾಕಿಕೊಂಡು ಹೆಬ್ಬೆರಳು ಅವರ ಮೇಲ್ದುಟಿಯ ಕೆಳಗೆ ತೂರಿಸಿದೆ. ತಲೆ ಅಲುಗದಂತೆ ಇನ್ನೊಂದು ಕೈಯಿಂದ ಕೆನ್ನೆ ಹಿಡಿದೆ. ತಗಡು ಅಂಗುಳಿಗೆ ಕಚ್ಚಿಕೊಂಡಿತ್ತು. ಬದಿಯಿಂದ ಒತ್ತಿದಾಗ ಲೊಚ್ಚೆಂದು ಬಿಟ್ಟುಕೊಂಡಿತು. ತೆಗೆದು ಬಿಳಿ ಬಟ್ಟೆಯ ತುಂಡಿನಲ್ಲಿ ಸುತ್ತಿ ಜೇಬಿಗೆ ಹಾಕಿದೆ. ಟ್ರೇಯಲ್ಲಿಟ್ಟರೆ ಅಕ್ಕನಿಗೆ ಕಾಣುತ್ತಿತ್ತು. ತಿರುಗಿ ನೋಡಿದಾಗ ಮೇಜಿನ ಮೇಲೆ ಬೇರೊಬ್ಬ ಮುದುಕರಿದ್ದರು. ಮೇಲ್ದುಟಿ ಒಳಗೆ ಕುಸಿದು ಮೂಗು, ಗದ್ದ ಹತ್ತಿರ ಬಂದಿದ್ದವು.

"ಬೇಗ ಮುಗಿಫು," ಎಂದರು. 'ಸ' ಅವರ ಬಾಯಿಂದ ಗಾಳಿಯಾಗಿ ಹೋಯಿತು. ತಮಗೇ ಕೇಳಿಸಿ ಕಣ್ಣು ಮುಚ್ಚಿಕೊಂಡರು.

ಅಕ್ಕನನ್ನು ಕರೆಯಲಿಲ್ಲ. ಹಣೆಯ ಪಟ್ಟಿ ಬಿಗಿಮಾಡಿ, ಚೀಲಗಳನ್ನು ಒತ್ತಿ, ಕಾಲರಿನ ಮುಂಭಾಗ ನಾನೇ ಬಿಚ್ಚಿದೆ. ಈಗ ಇನ್ನೊಂದು ತೊಡಕು. ಗೆರೆ ಹಿಡಿಯಲು ಹಲ್ಲಿನ ಅಂಚೇ ಇಲ್ಲ. ಮೊದಲಿನ ಓರೆಯಲ್ಲೇ ಬಿಟ್ಟರೆ ಚಿತ್ರ ತಪ್ಪುತ್ತದೆ. ಹಲ್ಲು ಹೋದ ಕಡೆ ಅಂಚು ಬೆರಳಗಲ ಮೇಲಕ್ಕೆ ಸರಿದಿರುತ್ತದೆ. ಬರೀ ವಸಡಿನ ಅಂಚು ನೋಡಿ, ಕಿವಿಯ ಹಿಂದೆ ಬೆರಳಿಟ್ಟು, ಹೊಸದಾಗಿ ಗೆರೆ ಹಿಡಿದು ಟ್ಯೂಬನ್ನು ಅಷ್ಟೇ ತಿರುಗಿಸಿದೆ.

"ಬಿಲ್ಲೆ ನೋಡ್ತಾ ಇರಿ. ಬಾಯಿ ತೆರೆದು 'ಆ' ಅನ್ನಿ."

'ಆ'ಗೆ ಹಲ್ಲು ಬೇಡ. ದನಿ ಮೊದಲಿನ ಹಾಗೇ, ತುಂಬಿಕೊಂಡು ಬಂತು. ಸೀಸದ ಗಾಜಿನ ಹಿಂದಕ್ಕೆ ಓಡಿ ಗುಂಡಿ ಒತ್ತಿದೆ.

ಕಿಟಕಿ ತೆರೆದಿತ್ತು. ನಡುವೆ ಗೂಟ, ಅದರ ಎರಡೂ ಬದಿಗೆ ಬಳೆ ಮೂಳೆ. ಗೂಟದ ಬುಡದಲ್ಲಿ ಕೂದಲಿನಂಥ ಒಂದು ಕಪ್ಪು ಗೆರೆ. ಇಲ್ಲಿ ಸುಳ್ಳು ಗೆರೆಗಳೂ ಬೀಳುತ್ತವೆ. ನಾಲಿಗೆಯ ನೆರಳು, ಹಿಂದಿನ ಮೂಳೆಯ ಅಂಚು. ಸುಳ್ಳು ಗೆರೆಯಾದರೆ ಟ್ಯೂಬು ಸ್ವಲ್ಪ ಸರಿಸಿದಾಗ ಜಾಗ ಬದಲಿಸುತ್ತದೆ. ಕೂದಲೆಳೆಯಷ್ಟು ಓರೆ ಬದಲಿಸಿ ಮತ್ತೊಂದು ತೆಗೆದೆ. ಗೆರೆ ಇದ್ದಲ್ಲೇ ಇತ್ತು. ಮೂಳೆಯ ಅಂಚಿಗೆ ಸರಿಯಾಗಿ ಶುರುವಾಗಿ ಅಂಚಿಗೆ ಸರಿಯಾಗಿ ನಿಂತಿತ್ತು.

ಕಾಲರ್ ಹಾಕಿದೆ. ಡಾಕ್ಟರನ್ನು ಕರೆದೆ. ಅವರು ಪರದೆ ನೋಡಿ ಕುರ್ಚಿ ಎಳೆದುಕೊಂಡು ಕೂತರು. ಕೆಂಪು ಕಣ್ಣು ಪೂರ್ತಿ ಎಚ್ಚರವಾಗಿತ್ತು.

"ಆ ಬೆಳ್ಳಗಿದ್ದದ್ದು?"

"ಬಿಚ್ಚೋದೇ ಆಗಿತ್ತು. ನಾನು ತಪ್ಪು ಬರ್ಕೊಂಡಿದ್ದೆ."

ನನ್ನನ್ನೊಮ್ಮೆ ನೋಡಿದರು. ಬೈಯಲು ಅವರಿಗೆ ಸಮಯವಿರಲಿಲ್ಲ. "ಕಾಲರ್ ಯಾರೂ ಮುಟ್ಟಬೇಡಿ. ಆಂಬುಲೆನ್ಸ್ ಹೇಳಿ," ಎಂದು ಫೋನ್ ಎತ್ತಿಕೊಂಡರು.

ಅರ್ಧ ಗಂಟೆಯಲ್ಲಿ ಆಂಬುಲೆನ್ಸ್ ಬಂತು. ಅದರ ಜೊತೆ ಬಂದವನು ಕಾಗದ ಹಿಡಿದು "ಇವ್ರ ಕಡೆಯೋರು ಯಾರು? ಸಹಿ ಬೇಕು," ಅಂದ. ಅಕ್ಕ ಕಾರಿಡಾರಿನ ಆ ತುದಿ, ಈ ತುದಿ ನೋಡಿದರು.

"ನಾನು ಹಾಕ್ತೀನಿ," ಅಂದೆ.

"ಸಂಬಂಧ?"

"ಸಂಬಂಧ ಅಂತ ಏನೂ..."

"ಅಳಿಯ ಅಂತ ಬರ್ಕೊಳ್ಳಪ್ಪ," ಎಂದರು ಸ್ಟ್ರೆಚರ್ ಮೇಲಿಂದ, ಒಂದೊಂದೇ ಅಕ್ಷರ ಆರಿಸಿ, ತುಟಿ ಒತ್ತಿಕೊಂಡು. "ಬೇರೆ ಯಾರೂ ಇಲ್ಲ. ಗಾಡಿ ಹೊರಡಬೇಕಲ್ಲ."

ಅಕ್ಕನ ಬಾಯಿ ತೆರೆಯಿತು, 'ಆ' ಅನ್ನಲಿಲ್ಲ ಅಷ್ಟೇ. ನಾನು ಸಹಿ ಹಾಕಿದೆ. ಬಾಗಿಲು ಮುಚ್ಚುವ ಮೊದಲು ಮಾವ ಕೈಸನ್ನೆ ಮಾಡಿದರು. ಬಾಗಿದೆ.

"ಅವಳಿಗೆ ಫೋನ್ ಮಾಡು. ಹಲ್ಲಿನ ವಿಷ್ಯ ಎತ್ತಬೇಡ."

ಊಟದ ಬಿಡುವಿನಲ್ಲಿ ಫೋನ್ ಮಾಡಿದೆ. ನಂಬರ್ ನನ್ನ ಹತ್ತಿರ ಇತ್ತು, ಅಳಿಸಿರಲಿಲ್ಲ. ಬಿದ್ದದ್ದು, ಮುರಿದದ್ದು, ಹುರಿಗೆ ಏನೂ ಆಗಿಲ್ಲ, ಕೈಕಾಲು ಆಡುತ್ತಿವೆ, ಯಾವ ಆಸ್ಪತ್ರೆ, ಎಲ್ಲವನ್ನೂ ಸಾಲಾಗಿ ಹೇಳಿದೆ. ಅವಳು ಬರೆದುಕೊಳ್ಳುತ್ತಿರುವುದು ಕೇಳುತ್ತಿತ್ತು. ಅಲ್ಲಿ ಮಕ್ಕಳ ಗದ್ದಲ.

"ಬಾಯಿ ತೆಗೆಸಿ ಚಿತ್ರ ತೆಗೆದ್ರಾ?" ಎಂದಳು. ಐದು ವರ್ಷ ಎಕ್ಸ್‌ರೇಯವನ ಹೆಂಡತಿಯಾಗಿದ್ದವಳು.

"ಹೂಂ."

"ಹಲ್ಲು?"

"ತೆಗೆಸಿದೆ."

"ಹಾಗಾದ್ರೆ ಅಪ್ಪನಿಗೆ ಗೊತ್ತಾಯ್ತು."

"ಗೊತ್ತಾಯ್ತು."

"ಅಮ್ಮನ ವಿಷ್ಯಾನೂ?"

"ಅವರೇ ಕೇಳಿದ್ರು."

ಶಾಲೆಯ ಗಂಟೆ ಹೊಡೆಯಿತು, ಮಕ್ಕಳ ಸದ್ದು ಓಡಿಹೋಯಿತು. ನಾನು ಏನಾದರೂ ಹೇಳಬೇಕಿತ್ತು. ಹಿಂದೆಯೂ ಇಂಥ ಹೊತ್ತಿನಲ್ಲೇ ಏನೂ ಹೇಳದೆ ಉಳಿಯುತ್ತಿದ್ದೆ.

"ನಮ್ಮ ಮನೇದು ಅಂತ ಅದೊಂದು ಗುಟ್ಟು ಉಳಿದಿತ್ತು," ಎಂದಳು. ಆಮೇಲೆ, "ನಾನು ಮಧ್ಯಾಹ್ನದ ಬಸ್ಸಿಗೆ ಹೊರಟು ನೇರ ಅಲ್ಲಿಗೇ ಹೋಗ್ತೀನಿ. ನೀವು ಬರೋದೇನೂ ಬೇಡ. ಥ್ಯಾಂಕ್ಸ್."

ನನಗೆ ಅವಳು ಥ್ಯಾಂಕ್ಸ್ ಹೇಳಿದ್ದು ಅದೇ ಮೊದಲು. ಗಂಡನಿಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ.

ಮಧ್ಯಾಹ್ನ ಹದಿನೇಳು ಜನ. ಎದೆ, ಮೊಣಕಾಲು, ಮಣಿಕಟ್ಟು. ಮಲಗಿ, ಉಸಿರು ಹಿಡಿಯಿರಿ, ಏಳಿ. ಸಂಜೆ ಕೋಣೆಗೆ ಬಂದು ಅಂಗಿ ಬಿಚ್ಚಿ ನೇತುಹಾಕುವಾಗ ಜೇಬು ಭಾರವೆನ್ನಿಸಿತು. ಕೈ ಹಾಕಿದೆ. ಬಟ್ಟೆಯ ಗಂಟು.

ಗಾಡಿ ಹೊರಡುವ ಗಡಿಬಿಡಿಯಲ್ಲಿ ಕೊಡಲು ಮರೆತಿದ್ದೆ. ಅವರೂ ಕೇಳಿರಲಿಲ್ಲ, ಅಷ್ಟು ಜನರ ಎದುರು ಹೇಗೆ ಕೇಳುತ್ತಾರೆ? ಈಗ ಅಲ್ಲಿ, ಗುರುತಿಲ್ಲದ ವಾರ್ಡಿನಲ್ಲಿ, ಡಾಕ್ಟರುಗಳ ಪ್ರಶ್ನೆಗೆಲ್ಲ ತುಟಿ ಒತ್ತಿಕೊಂಡು ಹೂಂ ಅನ್ನುತ್ತಿರಬೇಕು. ಇಷ್ಟು ಹೊತ್ತಿಗೆ ಮಗಳು ಬಂದು ಮಂಚದ ಪಕ್ಕ ನಿಂತಿರುತ್ತಾಳೆ. ಕತ್ತು ಕಟ್ಟಿಹಾಕಿದ ಮನುಷ್ಯ, ಗೋಡೆ ಕಡೆ ತಿರುಗಲೂ ಆಗುವುದಿಲ್ಲ.

ಸೆಟ್ಟು ಒಣಗಿದರೆ ಬಾಗುತ್ತದೆ, ನೀರಿನಲ್ಲಿಡಬೇಕು. ನನ್ನ ಲೋಟದಲ್ಲಿ ಟೀ ಇತ್ತು. ಇನ್ನೊಂದು ಲೋಟ ತೆಗೆದು, ಉಗುರಿನಿಂದ ಅಂಗಡಿಯ ಚೀಟಿ ಕೆರೆದು ಕಿತ್ತೆ. ಪೂರ್ತಿ ಬರಲಿಲ್ಲ, ಅಂಟು ಉಳಿಯಿತು. ನೀರು ತುಂಬಿ ಹಲ್ಲನ್ನು ಬಿಟ್ಟೆ. ಅಭ್ಯಾಸಬಲದಿಂದ ಕಿಟಕಿಯ ಕಡೆ, ಸೋಪಿನ ಡಬ್ಬಿಯ ಕಡೆ ನೋಡಿದೆ. ಯಾರಿಂದ ಮರೆಮಾಡಬೇಕು, ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಊಟದ ಮೇಜಿನ ನಡುವೆಯೇ ಇಟ್ಟೆ.

ಬೆಳಗಿನ ಮೊದಲ ಬಸ್ಸು ಐದೂ ಮುಕ್ಕಾಲಿಗೆ. ಬರುವುದು ಬೇಡ ಎಂದು ಅವಳು ಹೇಳಿದ್ದಾಳೆ, ಹೋಗದೆ ವಿಧಿಯಿಲ್ಲ. ಅವಳನ್ನು ಒಂದು ನಿಮಿಷ ಹೊರಗೆ ಕಳಿಸಬೇಕು, ಅಕ್ಕನನ್ನು ಕಳಿಸಿದ ಹಾಗೆ. ಗಂಟನ್ನು ಅವರ ಕೈಗೇ ಕೊಡಬೇಕು. ಅವರು ಹಾಕಿಕೊಳ್ಳುವ ತನಕ ನಾನು ಗೋಡೆ ಕಡೆ ತಿರುಗಿ ನಿಂತಿರಬೇಕು.